ಮುತ್ತಜ್ಜಿಯ ಕೆನ್ನೆಯ ಕಲೆ

“ಕಲೆ ತೆಗಿ ಅಂತ ತಾನೇ ಹೇಳಿದ್ದು? ಮೂರು ದಿನದಿಂದ ಏನ್ ಮಾಡ್ತಿದ್ದೆ ನೀನು?”

ಹಿನಕಲ್‌ನ ಆ ಪುಟ್ಟ ಫೋಟೋ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಗೆ ಕೂತಿದ್ದವರು ಬೆಚ್ಚಿ ತಿರುಗಿದರು. ಗೌತಮ್ ಮಾತ್ರ ಕಂಪ್ಯೂಟರ್‌ನಿಂದ ಕಣ್ಣೆತ್ತಲಿಲ್ಲ. ತುಟಿಯ ಅಂಚಲ್ಲಿ ನಗು ತಡೆದುಕೊಂಡಿದ್ದಾನೆಂದು ಕುಸುಮಾಳಿಗೆ ಗೊತ್ತಾಗಿ ಇನ್ನಷ್ಟು ಉರಿಯಿತು.

“ಮೂಗು ಕೆಂಪಾಯ್ತು ನೋಡು,” ಎಂದ.

“ಮೂಗಿನ ವಿಷಯ ಬಿಡು. ನಮ್ಮಜ್ಜಿ ಮೇಲಿನ ಕೋಪ ನನ್ನ ಮೇಲೆ ತೀರಿಸ್ಕೋಬೇಡ.”

ಗೌತಮನಿಗೆ ಕೋಪ ಬರಲು ಕಾರಣವೇನೋ ಇತ್ತು. ಹೋದ ವಾರ ದಟ್ಟಗಳ್ಳಿಯ ಮನೆಯಲ್ಲಿ ಕುಸುಮಾಳ ಅಜ್ಜಿ ಚಾಮುಂಡಮ್ಮ ಅವನ ಸಂಬಂಧ ಬೇಡವೆಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: “ಅವರಜ್ಜಿ ಸಿಲೋನಿಂದ ಹಡಗಲ್ಲಿ ಬಂದೋಳು. ಸುಳ್ಯದಲ್ಲಿ ರಬ್ಬರ್ ಹಾಲು ತೆಗೀತಿದ್ಳಂತೆ. ಊರಿಲ್ಲ, ಕುಲ ಗೊತ್ತಿಲ್ಲ. ಎಂಗೆ ಹೆಣ್ಣು ಕೊಡದು?” ಆ ಮನೆಯಲ್ಲಿ ಅಜ್ಜಿಯ ಮಾತಿಗೆ ಎದುರಿಲ್ಲ. ಕುಸುಮ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಒಂದು ಉಪಾಯ ಹೊಳೆಯಿತು. ಹಿರಿಯರ ಹಬ್ಬದಲ್ಲಿ ಎಡೆ ಇಡುವ ಮುತ್ತಜ್ಜಿ ನೀಲಮ್ಮನ ಫೋಟೋದಲ್ಲಿ, ಎರಡೂ ಕೆನ್ನೆಯ ಮೇಲೆ ಬಿಳಿ ಕಲೆ. ಗೋಡೆಯ ಶೀತ ಫೋಟೋಗೆ ಹಿಡಿದದ್ದೆಂದು ಮನೆಯವರೆಲ್ಲ ನಂಬಿದ್ದರು. ಗೌತಮನೇ ಅದನ್ನು ಸರಿಮಾಡಿಕೊಟ್ಟರೆ ಅಜ್ಜಿ ಕರಗದೆ ಇರುತ್ತಾಳೆಯೇ?

“ಇಲ್ಲಿ ಬಾ,” ಎಂದು ಗೌತಮ್ ಕುರ್ಚಿ ಎಳೆದ. ನಗು ಹೋಗಿತ್ತು. “ಶೀತದ ಕಲೆ ಎರಡು ಕೆನ್ನೆಗೂ ಅಳತೆ ಹಿಡಿದ ಹಾಗೆ ಬರುತ್ತಾ?”

ಪರದೆಯಲ್ಲಿ ಮುತ್ತಜ್ಜಿಯ ಕೆನ್ನೆ ದೊಡ್ಡದಾಯಿತು. ಬಿಳಿಯಲ್ಲಿ ಬೆರಳಾಡಿಸಿದ ಗೆರೆಗಳಿದ್ದವು.

“ಇದು ಕಲೆಯಲ್ಲ, ಹಚ್ಚಿಕೊಂಡಿರೋದು. ಮರದ ತೊಗಟೆ ತೇದು ಬರ್ಮಾದ ಹೆಂಗಸರು ಹಚ್ಕೋತಾರೆ. ನಂಬಿಕೆಯಿಲ್ಲದಿದ್ರೆ ಹಿಂದೆ ನೋಡು.”

ಫ್ರೇಮಿನ ರಟ್ಟು ಬಿಚ್ಚಿದ್ದ. ಫೋಟೋದ ಬೆನ್ನಿಗೆ ನೀಲಿ ಮುದ್ರೆ ಮಸುಕಾಗಿತ್ತು, ಆದರೂ ಓದಬಹುದಿತ್ತು: ರಂಗೂನ್.

ಕುಸುಮ ಆ ಅಕ್ಷರಗಳನ್ನು ಎರಡು ಸಲ ಓದಿದಳು. ನಂಜನಗೂಡು ಕಡೆಯ ಮುತ್ತಜ್ಜಿಗೂ ರಂಗೂನಿಗೂ ಎಲ್ಲಿಂದೆಲ್ಲಿಯ ಸಂಬಂಧ! ಗೌತಮ್ ನೀರಿನ ಬಾಟಲಿ ಕೊಟ್ಟು, ಅವಳ ಬೆರಳನ್ನು ಅರೆಗಳಿಗೆ ಹೆಚ್ಚೇ ಹಿಡಿದುಕೊಂಡ. ಅವಳಿಗೆ ಅದೂ ತಿಳಿಯಲಿಲ್ಲ.

ಮನೆಯಲ್ಲಿ ಅಜ್ಜಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಕುಸುಮ ಫೋಟೋವನ್ನು ಮಗುಚಿ ಮುಂದಿಟ್ಟಳು. ಅಜ್ಜಿಯ ಕೈ ನಿಂತಿತು.

“ಯಾವ ಮುಂಡೇದೇ ಇದರ ರಟ್ಟು ಬಿಚ್ಚಿದ್ದು?”

“ಅಜ್ಜಿ, ಇವರು ಯಾರು?”

ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ನಮ್ಮತ್ತೆ ಕಣವ್ವ. ಮಾ ತಿನ್ ಅಂತಿತ್ತಂತೆ ಹೆಸರು, ಇಲ್ಲಿಗೆ ಬಂದ್ಮೇಲೆ ನೀಲಮ್ಮ ಆಗಿದ್ದು. ಮಾವ ಅಲ್ಲಿ ಅಕ್ಕಿ ಮಿಲ್ಲಲ್ಲಿದ್ರು. ಯುದ್ಧ ಬಂದಾಗ ಅವರ ಹಿಂದೆ ಬೆಟ್ಟ ಹತ್ತಿ ನಡ್ಕೊಂಡೇ ಬಂದ್ಬುಟ್ಳು. ಎರಡು ವರ್ಷದ ಮಗಳನ್ನ ದಾರೀಲೇ ಮಣ್ಣು ಮಾಡುದ್ಳು. ಹೊಟ್ಟೇಲಿ ನಿಮ್ಮ ತಾತ.”

ಕುಸುಮ ಅಜ್ಜಿಯ ಪಕ್ಕ ಕೂತಳು. “ಹಾಗಾದ್ರೆ ಹಬ್ಬದಲ್ಲಿ ಅವರಿಗಿಡೋ ಶಾವಿಗೆ?”

ಎಲ್ಲರ ಮನೆಯ ಶಾವಿಗೆ ಸಿಹಿ. ಇವರ ಮನೆಯಲ್ಲಿ ಮಾತ್ರ ಕಾಯಿಹಾಲು, ಕೋಳಿ, ಬೇಯಿಸಿದ ಮೊಟ್ಟೆ, ನಿಂಬೆಹಣ್ಣು. ಅದಕ್ಕೆ ಕುಸುಮ ಚಿಕ್ಕಂದಿನಿಂದ ಜಗಳವಾಡಿದ್ದಾಳೆ.

“ಅವಳೂರಿನ ಊಟ. ನಂಗೆ ಅವಳೇ ಕಲಿಸಿದ್ದು. ಯಾರಿಗೂ ಹೇಳಬೇಡ ಚಾಮುಂಡಿ, ನಮ್ಮ ಹೆಣ್ಮಕ್ಕಳನ್ನ ಯಾರೂ ತಗಳಕಿಲ್ಲ ಅಂತ ಆಣೆ ಇಡಿಸ್ಕೊಂಡ್ಳು. ನಂಜನಗೂಡು ಅಂತ ಸುಳ್ಳು ಹೇಳಿದ್ದೂ ನಾನೇ.”

ಕುಸುಮಾಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. “ನಮ್ಮ ಮುತ್ತಜ್ಜಿ ನಡ್ಕೊಂಡು ಬಂದ್ರೆ ಎಡೆ. ಗೌತಮನ ಅಜ್ಜಿ ಹಡಗಲ್ಲಿ ಬಂದ್ರೆ ಕುಲವಿಲ್ಲ! ಇದ್ಯಾವ ನ್ಯಾಯ ಅಜ್ಜಿ? ನಂಗೆ ಅವನೇ ಬೇಕು.”

“ಭಯ ಕಣವ್ವ. ಅವರ ಬೇರು ಕೆದಕಕ್ಕೆ ಹೋದೋರು ನಮ್ಮದನ್ನೂ ಕೆದಕುದ್ರೆ?” ಅಜ್ಜಿ ಫೋಟೋವನ್ನು ಮತ್ತೆ ಮುಖ ಮೇಲಾಗಿ ತಿರುಗಿಸಿಟ್ಟಳು. ಆಮೇಲೆ, “ಹಬ್ಬಕ್ಕೆ ಕರಿ ಅವನ್ನ. ಬರೀ ಊಟಕ್ಕೆ,” ಎಂದಳು.

ಹಬ್ಬದ ಮಧ್ಯಾಹ್ನ ಗೌತಮ್ ಹೊಸ ಪ್ರಿಂಟ್ ತಂದ. ಹರಕು, ಮಸುಕು ಎಲ್ಲ ಹೋಗಿತ್ತು. ಕೆನ್ನೆಯ ಬಿಳಿ ಹಾಗೇ ಇತ್ತು. ಅಜ್ಜಿ ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡು, ಆ ಕೆನ್ನೆಯನ್ನು ಒಮ್ಮೆ ಸವರಿದಳು. ಶಾವಿಗೆಯ ಎಡೆ ಇಟ್ಟಳು. ಆಮೇಲೆ ಅದರ ಪಕ್ಕ ಇನ್ನೊಂದು ಬಾಳೆಯೆಲೆ ಹಾಸಿದಳು.

“ನಿಮ್ಮಜ್ಜಿ ಫೋಟೋ ಐತೇನಪ್ಪ?”

ಗೌತಮ್ ತಬ್ಬಿಬ್ಬಾದ. “ಫೋನಲ್ಲಿದೆ ಅಜ್ಜಿ. ಸರೋಜಮ್ಮ ಅಂತ.”

“ಫೋನೇ ಇಡು ಇಲ್ಲಿ. ಏನಿಷ್ಟ ಆಯಮ್ಮಂಗೆ?”

“ಹಾಲಿಲ್ಲದ ಟೀ.” ಅವನು ಫೋನನ್ನು ಎಲೆಯ ಮುಂದೆ ಒರಗಿಸಿಟ್ಟ. “ಅಂಗೈಲಿ ಬೆಲ್ಲ ಇಟ್ಕೊಂಡು, ಕಚ್ಚಿ ಕಚ್ಚಿ ಕುಡೀತಿದ್ರು.”

ಆ ಮನೆಯಲ್ಲಿ ಹೊರಗಿನವರಿಗೆ ಎಡೆ ಇಟ್ಟದ್ದನ್ನು ಕುಸುಮ ಹುಟ್ಟಿದಂದಿನಿಂದ ನೋಡಿಲ್ಲ. ಬಾಗಿಲಲ್ಲೇ ನಿಂತುಬಿಟ್ಟಳು. ಗೌತಮ್ ಅವಳನ್ನೇ ನೋಡುತ್ತಿದ್ದ. ಅವನ ಕಣ್ಣು ತುಂಬಿತ್ತು, ತುಟಿಯಲ್ಲಿ ಅದೇ ತಡೆದ ನಗು.

“ಬಾಯಿ ಬುಟ್ಕೊಂಡು ಏನೇ ನೋಡ್ತಾ ನಿಂತೆ?” ಅಜ್ಜಿ ಗದರಿದಳು. “ಹೋಗಿ ಟೀಗೆ ನೀರಿಡು. ಬೀಗಿತ್ತೀನ ಕಾಯಿಸ್ಬಾರ್ದು.”