ಕೊಡಿಗೇಹಳ್ಳಿಯಲ್ಲಿ ಬಣವೆ ವಾಲಿದ್ದು

"ಅಣ್ಣಾ, ನಮ್ಮ ಮನೆಯವ್ರನ್ನ ಕಳ್ಳ ಅಂದ್ಬಿಟ್ರು," ಎಂದು ಕುಬ್ರಾ ಜಗಲಿಯ ಕೆಳಗೇ ನಿಂತಳು.

ನಾಗಲಿಂಗಪ್ಪನವರು ಆಗಷ್ಟೇ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಹೊರಬಂದಿದ್ದರು. ಕೊಪ್ಪಳದ ಕಡೆಯವರು, ಸತ್ತ ದನಗಳ ವಿಮೆಯಲ್ಲಿ ಸುಳ್ಳು ಯಾವುದು, ನಿಜ ಯಾವುದು ಎಂದು ಹುಡುಕುತ್ತಲೇ ನಿವೃತ್ತರಾದವರು. ಅವರ ಮಹಡಿಯಲ್ಲಿ ಬಾಡಿಗೆಗಿದ್ದ ನಾನು, ವಿಶ್ವನಾಥ, ಇಂಥ ಹೊತ್ತಿನಲ್ಲೆಲ್ಲ ಅವರ ಜೊತೆಗಿರುತ್ತಿದ್ದೆ.

"ಮ್ಯಾಲ ಬಾರವಾ ತಂಗಿ. ಕುಂತು ಹೇಳು."

ಆ ವರ್ಷ ರಾಗಿ ಹುಲ್ಲಿನ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು. ಹಸು ಕಟ್ಟಿದ್ದ ಮನೆಯವರೆಲ್ಲ ಸೇರಿ ಹುಲ್ಲು ಕೊಂಡು, ಖಾಲಿ ಸೈಟೊಂದರಲ್ಲಿ ಒಂದೇ ಬಣವೆ ಒಟ್ಟಿದ್ದರು. ಗೇಟಿನ ಬೀಗದ ಕೈ ಇದ್ದದ್ದು ಇಬ್ಬರ ಬಳಿ: ಹಿರಿಯರಾದ ನಾಗಭೂಷಣ ಮತ್ತು ಕುಬ್ರಾಳ ಗಂಡ ಮುಜಫ್ಫರ್. ಕೊಟ್ಟಿಗೆಗಳಲ್ಲಿ ದನಗಳ ಕಾಲಡಿಗೆ ಹಾಸುವ ಮರದ ಹೊಟ್ಟನ್ನು ಸಾಮಿಲ್ಲಿನಿಂದ ತಂದು ಆ ಸೈಟಿನಲ್ಲಿ ಇಳಿಸುತ್ತಿದ್ದವನು ಅವನೇ. ಬರಿದಾದ ಚೀಲಗಳು ಅಲ್ಲೇ ಬಿದ್ದಿರುತ್ತಿದ್ದವು. ಹೊಟ್ಟಿನ ಬೆಲೆಯೂ ಏರಿದ್ದರಿಂದ ಅವನ ಮೇಲೆ ಎಲ್ಲರಿಗೂ ಮೊದಲೇ ಸಿಟ್ಟಿತ್ತು. ಹಿಂದಿನ ದಿನ ಬಣವೆ ಒಂದು ಕಡೆಗೆ ವಾಲಿತು. ಹಿಂದೆ ಹೋಗಿ ನೋಡಿದರೆ ದೊಡ್ಡ ಪೊಳ್ಳು. ಅದರೊಳಗೆ ತುರುಕಿದ್ದು ಮುಜಫ್ಫರನ ಹೊಟ್ಟಿನ ಚೀಲಗಳು.

"ನಮ್ಮ ಹಸೂಗೆ ಇನ್ಮೇಲೆ ಹುಲ್ಲು ಕೊಡಲ್ವಂತೆ. ಇವ್ರು ಹೊಟ್ಟು ತರೋದೂ ಬೇಡ್ವಂತೆ. ಅನ್ನ ಹೋಯ್ತು, ಮರ್ಯಾದೆನೂ ಹೋಯ್ತು ಅಣ್ಣಾ."

ನಾವು ಸೈಟಿಗೆ ಹೋದೆವು. ನಾಗಲಿಂಗಪ್ಪನವರು ಒಂದು ಚೀಲ ಎಳೆದು ಸುರಿದರು. ಬಿದ್ದದ್ದು ಹೊಟ್ಟಲ್ಲ, ಕುಡುಗೋಲಿನಿಂದ ಕತ್ತರಿಸಿದ ಹುಲ್ಲಿನ ಬುಡದ ಗಟ್ಟಿ ಕಡ್ಡಿ. ಅದರಲ್ಲೊಂದನ್ನು ಹಲ್ಲಿನಲ್ಲಿ ಕಡಿದು ನೋಡಿ ಎದ್ದರು.

ಅಲ್ಲಿಂದ ಬಣವೆಯಲ್ಲಿ ಪಾಲಿದ್ದವರ ಕೊಟ್ಟಿಗೆಗಳಿಗೆ ಹೊರಟೆವು; ಮೊದಲು ಮಾಲಾ ಎಂಬುವಳದು. ಗೋಡೆಯ ಮೊಳೆಯಲ್ಲಿ ಕುಂಕುಮ ಹಚ್ಚಿದ ಹಳೆಯ ಹಗ್ಗ ತೂಗುತ್ತಿತ್ತು.

"ನಮ್ ತುಂಗೇದು," ಎಂದಳು ಮಾಲಾ. "ಹಾಲು ಬತ್ತೋಯ್ತು, ಮಾರ್ದೆ. ಹಸು ಕೊಡೋವಾಗ ಅಗ್ಗ ಬಿಚ್ಕೊಂಡು ಬರ್ಬೇಕಲ್ವ, ಇಲ್ಲಾಂದ್ರೆ ಕೊಟ್ಟಿಗೆ ಲಕ್ಷ್ಮಿ ಅದ್ರ ಇಂದೇನೇ ಒಂಟೋಯ್ತಾಳೆ. ಈ ಬೆಲೇಲಿ ಕರೆಯೋ ಹಸೂಗೆ ಮಾತ್ರ ಹುಲ್ಲು ಅಂತ ನಾಗಭೂಷಣಣ್ಣ ಕಟ್ಟು ಮಾಡಿದ್ರು. ಮೊದ್ಲು ತಮ್ಮ ಮುದಿ ಹಸೂನೇ ಗೋಶಾಲೆಗೆ ಕೊಟ್ರು, ಪಾಪ."

ನಾಗಭೂಷಣರ ಕೊಟ್ಟಿಗೆ ದೇವರ ಮನೆಯಂತಿತ್ತು. ಎರಡು ಎಳೆಯ ಹಸುಗಳ ಹಣೆಯಲ್ಲಿ ಅರಿಸಿನ. ಮೂರನೆಯ ಗೂಟ ಖಾಲಿ. ನಾಗಲಿಂಗಪ್ಪನವರು ನಾಲ್ಕೂ ಗೋಡೆ ನೋಡಿ, ಕೈಮುಗಿದು ಹೊರಬಂದರು. ಅವರ ಮುಖ ಬಾಡಿತ್ತು.

ಸಂಜೆ ಎಲ್ಲರನ್ನೂ ಬಣವೆಯ ಬಳಿ ಕರೆಸಿದರು. ಮುಜಫ್ಫರ್ ದೂರದಲ್ಲಿ ತನ್ನ ಟೆಂಪೋಗೆ ಒರಗಿ ನಿಂತಿದ್ದ.

"ಚೀಲ ನೋಡಿ ಕಳ್ಳನ್ನ ಹಿಡದ್ರಿ. ಚೀಲದ ಬಾಯಿ ಯಾರರ ಬಿಚ್ಚಿದ್ರೇನು?" ಎಂದು ಕಡ್ಡಿ ಸುರಿದು ತೋರಿಸಿದರು. "ಮಾರೋ ಕಳ್ಳ ತೂಕ ಬಿಟ್ಟು ಹೋಗ್ತಾನ? ಇವ ಮೆತ್ತನ್ನ ತುದಿ ಅಷ್ಟೇ ಒಯ್ದಾನ. ಗಟ್ಟಿದ್ದನ್ನ ಬಣವಿ ಬೀಳಬಾರ್ದಂತ ಇಲ್ಲೇ ತುರುಕ್ಯಾನ. ಅಂದ್ರ ತಿನ್ನೋ ದನಕ್ಕ ಹಲ್ಲಿಲ್ಲ."

"ಹಲ್ಲಿಲ್ದಿರೋ ಹಸು ನಮ್ಮಲ್ಲಿ ಯಾರ್ದೂ ಇಲ್ವಲ್ರೀ," ಎಂದಳು ಮಾಲಾ. "ಇದ್ದಿದ್ದೊಂದು ಗೋಶಾಲೆಗೋಯ್ತು."

"ಹೋಗಿಲ್ಲವಾ. ಹೋಗಿದ್ರ ಅದರ ಹಗ್ಗ ನಿಮ್ಮನಿಯಾಗ ಇದ್ದಂಗ ಅವರ ಗ್ವಾಡಿ ಮ್ಯಾಲೂ ಇರ್ತಿತ್ತು. ಅಷ್ಟು ಆಚಾರವಂತರು ಹಗ್ಗ ಬಿಟ್ಟುಕೊಡ್ತಾರೇನು? ಹಗ್ಗ ಇನ್ನೂ ಹಸುವಿನ ಕೊರಳಾಗೇ ಐತಿ. ಬೀಗದ ಕೈಯೂ ಅವರ ಹತ್ರ ಐತಿ. ನಾಗಭೂಷಣರೇ, ನಾ ಹೇಳಿದ್ದು ಸುಳ್ಳಾದ್ರ ಹೇಳ್ರಿ."

ನಾಗಭೂಷಣ ಹೆಗಲ ಮೇಲಿನ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು.

"ವಿದ್ಯಾರಣ್ಯಪುರದಲ್ಲಿ ನಾದಿನಿ ಮನೆ ಇತ್ಲಲ್ಲಿ ಕಟ್ಟಿದೀನಿ. ಲಾರಿ ಅತ್ಸೋಕೋದಾಗ ನನ್ ಕೈ ನೆಕ್ಕ್ತು. ಆಗ್ಲಿಲ್ಲ. ಕಟ್ಟು ಮಾಡ್ದೋನು ನಾನೇ, ಯಾವ್ ಮುಖ ಇಟ್ಕೊಂಡು ಏಳ್ಲಿ?"

"ಸಾಕಿದ್ದು ತಪ್ಪಲ್ರೀ," ಎಂದರು ನಾಗಲಿಂಗಪ್ಪನವರು. "ನಿನ್ನೆ ಆ ಮನಶ್ಯಾನ ಹೆಸರು ಬಂದಾಗ ಸುಮ್ನ ಕುಂತ್ರಲ್ಲ?"

"ನನ್ನ ತುಂಗೆ ಕೈ ನೆಕ್ಕಲಿಲ್ವಾ ಅಣ್ಣಾ?" ಎಂದು ಮಾಲಾ ಮೆಲ್ಲಗೆ ಕೇಳಿದಳು.

ಆಗ ಕುಬ್ರಾ ಎಲ್ಲರ ಮುಂದೆ ಬಂದು ನಿಂತಳು. "ನಿನ್ನೆ ಹುಲ್ಲು ಹುಡುಕೋಕೆ ನಮ್ಮನೆ ಒಳಗೆಲ್ಲಾ ಓಡಾಡಿದ್ರಿ. ನಮಾಜಿನ ಚಾಪೆ ಹಾಸಿತ್ತು. ಒಬ್ರಾದ್ರೂ ಚಪ್ಪಲಿ ಬಿಟ್ರಾ?"

ಮಾಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾಗಭೂಷಣ ಕೈಮುಗಿದು ಟೆಂಪೋದ ಕಡೆಗೆ ಹೆಜ್ಜೆಯಿಟ್ಟರು. ಮುಜಫ್ಫರ್ ಅಷ್ಟು ದೂರದಿಂದಲೇ ಬೇಡವೆಂದು ಕೈಯಾಡಿಸಿದ.

"ಹೊಟ್ಟು ತರ್ತೀನಿ. ದನಗಳೇನ್ ಮಾಡಿದ್ವು, ಪಾಪ. ಆದ್ರೆ ಇನ್ಮೇಲೆ ಗೇಟಿನ ಆಚೇನೇ ಇಳಿಸ್ತೀನಿ. ಒಳಗೆ ಕಾಲಿಡಲ್ಲ. ನೀವೇ ಹೊತ್ಕೊಳಿ."

ಮರುದಿನ ಬೆಳಿಗ್ಗೆ ಚೀಲಗಳು ಗೇಟಿನ ಹೊರಗೆ ಸಾಲಾಗಿದ್ದವು. ಒಬ್ಬೊಬ್ಬರೇ ಬಂದರು, ಯಾರೂ ಯಾರ ಮುಖವನ್ನೂ ನೋಡದೆ, ಬೆನ್ನು ಬಾಗಿಸಿ ಹೊತ್ತುಕೊಂಡು ಹೋದರು.