ಹೆಪ್ಸಿ ಕೂರುತ್ತಿದ್ದ ರೀತಿ

"ಒಂದು ಶೂ ಬಿಚ್ಚಿ ಪಕ್ಕಕ್ಕಿಡು," ಎಂದ ಅಪ್ಪ.

"ಯಾಕಪ್ಪಾ? ಎರಡೂ ಎಷ್ಟು ಚೆನ್ನಾಗಿವೆ!" ಚಿತ್ರಕ್ಕೆಂದು ಕುರ್ಚಿಯಲ್ಲಿ ಕೂತಿದ್ದ ತಿರ್ಜಾ, ಪೆಲ್ಟನ್ ಅಮ್ಮ ಕಳಿಸಿದ್ದ ಕೆಂಪು ಶೂಗಳನ್ನು ಅಲ್ಲಾಡಿಸಿ ನೋಡಿದಳು. ಅವಳ ಸ್ವಂತ ಶೂಗಳಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು.

"ಹೇಳಿದಷ್ಟು ಮಾಡೇ, ಅಲುಗಬೇಡ. ಬೆಳಕು ಹೋಗ್ತಿದೆ."

ಬಾಸ್ಟನ್ನಿನಿಂದ ಒಬ್ಬಾತ ಬಂದು ಊರಿನಲ್ಲಿ ಫೋಟೋ ಅಂಗಡಿ ಹಾಕಿದ ಮೇಲೆ, ಅಪ್ಪನ ಕೈಯಲ್ಲಿ ಚಿತ್ರ ಬರೆಸಿಕೊಳ್ಳುವವರೇ ಇರಲಿಲ್ಲ. ಈ ಚಿತ್ರ ಬರೆಯಲು ಹೇಳಿದ್ದ ಪೆಲ್ಟನ್ ಅಮ್ಮನಿಗೆ ಅದು ಒಪ್ಪಿಗೆಯಾದರೆ ಒಂದು ಗಾಡಿ ಸೌದೆಯೂ ಒಂದು ಮೂಟೆ ಜೋಳದ ಹಿಟ್ಟೂ ಬರುತ್ತಿದ್ದವು. ಒಪ್ಪಿಗೆಯಾಗದಿದ್ದರೆ? ತಣ್ಣಗೆ ಕೂತಿದ್ದ ಒಲೆಯೇ ಹೇಳುತ್ತಿತ್ತು.

ಅಪ್ಪ ಬಣ್ಣ ಅರೆಯಲು ಬಗ್ಗಿದಾಗ ತಿರ್ಜಾ ಮೆಲ್ಲಗೆ ಹೋಗಿ ಚಿತ್ರವನ್ನು ಇಣುಕಿ ನೋಡಿದಳು. ಕೈ ತನ್ನದೇ, ಮೊಣಕಾಲೂ ತನ್ನದೇ. ಮುಖ ಮಾತ್ರ ಬೇರೆ ಯಾರದೋ!

"ಅಪ್ಪಾ, ನನ್ನ ಕೂದಲು ಯಾವಾಗ ಕೆಂಚಗಾಯ್ತು? ಯಾರಿವಳು?"

ಅಪ್ಪ ಅರೆಯುವುದನ್ನು ನಿಲ್ಲಿಸಿದ. "ಹೆಪ್ಸಿ ಅಂತ, ಪೆಲ್ಟನ್ ಅಮ್ಮನ ಮಗಳು. ಬೇಸಿಗೆಯ ಜ್ವರದಲ್ಲಿ ದೇವರ ಪಾದ ಸೇರಿತು ಆ ಮಗು. ಒಂದು ಫೋಟೋನೂ ತೆಗೆಸಿರಲಿಲ್ಲವಂತೆ. ಹೋದ ಮಕ್ಕಳನ್ನ ಹೀಗೇ, ಒಂದು ಕಾಲಲ್ಲಿ ಶೂ ಇಲ್ಲದ ಹಾಗೆ ಬರೆಯೋದು ಕಣೇ."

ತಿರ್ಜಾ ಕಾಲಲ್ಲಿದ್ದ ಶೂ ನೋಡಿದಳು. ಅದರ ಮೂತಿ ಸವೆದಿತ್ತು. ಹೆಪ್ಸಿ ಏನನ್ನು ಒದ್ದು ಒದ್ದು ಸವೆಸಿದ್ದಳೋ!

ಅಷ್ಟರಲ್ಲಿ ಕಪ್ಪು ಉಡುಪಿನ ಪೆಲ್ಟನ್ ಅಮ್ಮ ಬಂದರು. ಚಿತ್ರದ ಹತ್ತಿರಕ್ಕೆ ಬಗ್ಗಿ ನೋಡಿದರು.

"ಕೂದಲು ಸರಿ. ಮೂಗೂ ಸರಿ. ಆದ್ರೆ ಪ್ರಾರ್ಥನೆಗೆ ಕೂತ ಮುದುಕಿ ಹಾಗಿದ್ದಾಳೆ, ಥೇಯರ್," ಎಂದರು ಅಪ್ಪನ ಕಡೆ ತಿರುಗಿ. "ಇವಳು ನನ್ನ ಹೆಪ್ಸಿ ಅಲ್ಲ." ಅವರು ಕೈಗವಸು ಹಾಕಿಕೊಳ್ಳತೊಡಗಿದರು.

ಅಪ್ಪ ಕುಂಚ ಕೆಳಗಿಟ್ಟ.

"ಮತ್ತೆ ಅವಳು ಹೇಗೆ ಕೂರ್ತಿದ್ಲು?" ತಿರ್ಜಾ ಕೇಳಿಯೇಬಿಟ್ಟಳು.

"ತಿರ್ಜಾ!" ಅಪ್ಪ ಗದರಿದ.

ಪೆಲ್ಟನ್ ಅಮ್ಮ ತಿರುಗಿ ನೋಡಿದರು. "ಎಲ್ಲಿ ಕೂರ್ತಿದ್ಲಮ್ಮ ಅವಳು! ಒಂದು ಕಾಲು ಮಡಚ್ಕೊಂಡು, ಈಗೆದ್ದೆ ಆಗೆದ್ದೆ ಅನ್ನೋ ಹಾಗೆ. ಚರ್ಚಿನಲ್ಲೂ ಅಷ್ಟೇ!"

ತಿರ್ಜಾ ಓಡಿಹೋಗಿ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತಳು. "ಹೀಗಾ?"

"ಇನ್ನೂ ಸ್ವಲ್ಪ ಮುಂದಕ್ಕೆ. ಗಲ್ಲ ಎತ್ತು." ಅವರು ಕೈಗವಸು ಕಳಚಿ, ಬೆರಳಿನಿಂದ ಅವಳ ಗಲ್ಲವನ್ನು ಮೇಲೆತ್ತಿದರು. "ಹಾಂ... ಹೀಗೆ. ಥೇಯರ್, ನೋಡ್ತಿದ್ದೀರಾ?"

ಕ್ಯಾನ್ವಾಸಿನ ಮೇಲೆ ಕುಂಚ ಸರಿದಾಡುವ ಸದ್ದು ಆಗಲೇ ಕೇಳುತ್ತಿತ್ತು.

ಆ ಬೆರಳು ಗಲ್ಲದ ಕೆಳಗೇ ಉಳಿಯಿತು. ತಿರ್ಜಾಳ ಕಾಲು ಜೋಮು ಹಿಡಿಯಿತು, ಮೂಗು ತುರಿಸಿತು. ಅಲುಗಬೇಡ ಎಂದು ಈ ಸಲ ಯಾರೂ ಅವಳಿಗೆ ಹೇಳಬೇಕಾಗಲಿಲ್ಲ.