ತುಂಬಿದ ಬೋಗುಣಿ

“ನಿಮ್ಮ ನಾಯಿ ಇವತ್ತು ನನ್ನನ್ನ ಬೈಲೇ ಇಲ್ಲ. ಬಂದು ನೋಡು ಮಗು, ಏನೋ ಸರಿಯಿಲ್ಲ.”

ಪಕ್ಕದ ಮನೆಯ ಗೇಟಿನ ಬಳಿ ಸೈಕಲ್ ನಿಲ್ಲಿಸಿಕೊಂಡು ಪೋಸ್ಟ್‌ಮ್ಯಾನ್ ಮಾಮ ಕರೆಯುತ್ತಿದ್ದರು. ಆಗಷ್ಟೇ ಸ್ಕೂಲಿನಿಂದ ಬಂದು ಶೂ ಬಿಚ್ಚುತ್ತಿದ್ದ ವಕೀಲಮ್ಮ ಒಂದೇ ಕಾಲಿನ ಶೂನಲ್ಲಿ ಓಡಿದಳು. ವಕೀಲಮ್ಮ ಎಂದರೆ ನಿಜವಾದ ವಕೀಲರೇನಲ್ಲ, ಹತ್ತು ವರ್ಷದ ಹುಡುಗಿ. ಯಾವುದಕ್ಕೂ ಸೋಲೊಪ್ಪದೆ ವಾದ ಮಾಡುತ್ತಾಳೆಂದು ಅಪ್ಪ ತಮಾಷೆಗೆ ಇಟ್ಟ ಹೆಸರು. ಈಗ ಬೀದಿಗೆಲ್ಲ ಅದೇ ಖಾಯಂ ಆಗಿತ್ತು.

ನಾಯಿ ಅವಳದಲ್ಲ, ಪಕ್ಕದ ಮನೆಯ ಟೈಲರ್ ಅಜ್ಜಿಯದು. ಅದರ ಹೆಸರು ಹೆಡ್‌ಮಾಸ್ಟರ್. ಮೂತಿಯೆಲ್ಲ ನರೆತುಹೋದ ಮುದಿ ನಾಯಿ. ಗೇಟಿನ ಮುಂದೆ ಯಾರೇ ಸುಳಿದರೂ, ಲೇಟಾಗಿ ಬಂದ ಮಕ್ಕಳನ್ನು ಗದರುವ ಹಾಗೆ ಗದರುತ್ತಿದ್ದ. ಗೇಟಿನ ಚಿಲಕ ಮುರಿದಿದ್ದರಿಂದ ಅವನನ್ನು ಅಂಗಳದ ಬಾದಾಮಿ ಮರಕ್ಕೆ ಉದ್ದನೆಯ ಸರಪಳಿಯಲ್ಲಿ ಕಟ್ಟಿರುತ್ತಿದ್ದರು.

ಆ ವಾರ ಅಜ್ಜಿ ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೋಗಿದ್ದರು. ಹೊರಡುವ ಮುಂಚೆ ದೊಡ್ಡವರನ್ನೆಲ್ಲ ಬಿಟ್ಟು ವಕೀಲಮ್ಮನ ಕೈ ಹಿಡಿದು ಹೇಳಿದ್ದರು. ಬಿಸಿಲು ಜೋರಾಗಿದೆ, ದಿನಾ ಬೋಗುಣಿ ತೊಳೆದು ಹೊಸ ನೀರು ಹಾಕಬೇಕು, ಮರೆಯಬಾರದು. ಅವಳು ಒಂದು ದಿನವೂ ಮರೆತಿರಲಿಲ್ಲ.

ಈಗ ಹೆಡ್‌ಮಾಸ್ಟರ್ ಮರದ ಬುಡಕ್ಕೆ ಅಂಟಿಕೊಂಡ ಹಾಗೆ ಮಲಗಿದ್ದ. ನಾಲಿಗೆ ಮಣ್ಣಿಗೆ ತಾಗಿತ್ತು. ಪಕ್ಕೆ ಮಾತ್ರ ದಬದಬನೆ ಏರಿ ಇಳಿಯುತ್ತಿತ್ತು. ನೆರಳು ಆಚೆ ಸರಿದುಹೋಗಿ, ಬೆನ್ನ ಮೇಲೆಲ್ಲ ಬಿಸಿಲು ಬಿದ್ದಿತ್ತು. ಹೆಸರು ಹಿಡಿದು ಕರೆದರೂ ಕಿವಿ ಅಲ್ಲಾಡಲಿಲ್ಲ.

“ನಾನು ನೀರು ಹಾಕಿದ್ದೀನಿ ಮಾಮ. ನೋಡಿ ಬೇಕಾದ್ರೆ, ಬೋಗುಣಿ ತುಂಬ ಇದೆ.”

ಇದ್ದದ್ದು ನಿಜ. ನಲ್ಲಿಯ ಪಕ್ಕದ ಸ್ಟೀಲ್ ಬೋಗುಣಿಯಲ್ಲಿ ನೀರು ಅಂಚಿನವರೆಗೂ ಇತ್ತು. ಪೋಸ್ಟ್‌ಮ್ಯಾನ್ ಮಾಮ ಅದನ್ನೊಮ್ಮೆ ನೋಡಿದರು, ಮರವನ್ನೊಮ್ಮೆ ನೋಡಿದರು. ಆಮೇಲೆ ಸರಪಳಿಯತ್ತ ಕೈ ತೋರಿಸಿದರು.

ಸರಪಳಿ ಮರಕ್ಕೆ ಸುತ್ತಿಕೊಂಡಿತ್ತು. ಒಂದಲ್ಲ ಎರಡಲ್ಲ, ಐದು ಸುತ್ತು. ಮರದ ನೆರಳು ಸರಿದ ಹಾಗೆಲ್ಲ ನಾಯಿಯೂ ಅದರ ಹಿಂದೆಯೇ ಸರಿದಿದ್ದ. ಸರಿದಷ್ಟೂ ಸರಪಳಿ ಗಿಡ್ಡವಾಗುತ್ತ ಬಂದಿತ್ತು. ಉಳಿದದ್ದು ಗೇಣುದ್ದ. ನೀರು ಇದ್ದದ್ದು ಎಂಟು ಹೆಜ್ಜೆ ಆಚೆ, ಅವನ ಕಣ್ಣೆದುರಿಗೇ.



ಮಾಮ ಸರಪಳಿ ಬಿಚ್ಚಿ, ನಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಜಗಲಿಯ ನೆರಳಿಗೆ ತಂದು ಮಲಗಿಸಿದರು. ಅಮ್ಮ ಓಡಿ ಬಂದು ಪ್ರಾಣಿಗಳ ಡಾಕ್ಟರಿಗೆ ಫೋನ್ ಮಾಡಿದಳು. ತಾವು ಬರುವವರೆಗೆ ಹೊಟ್ಟೆ, ಪಾದ, ಕಿವಿಗಳಿಗೆ ಒದ್ದೆ ಬಟ್ಟೆ ಒತ್ತುತ್ತಿರಿ, ಬಲವಂತವಾಗಿ ಬಾಯಿಗೆ ನೀರು ಹೊಯ್ಯಬೇಡಿ ಎಂದರು ಡಾಕ್ಟರು. ವಕೀಲಮ್ಮ ಟವೆಲ್ ಅದ್ದಿ ಅದ್ದಿ ಒತ್ತಿದಳು. ಅವನ ಪಾದಗಳು ಕಾದ ಹೆಂಚಿನ ಹಾಗೆ ಸುಡುತ್ತಿದ್ದವು.

ಕಾಲು ಗಂಟೆಯಲ್ಲಿ ಡಾಕ್ಟರು ಸ್ಕೂಟರಿನಲ್ಲಿ ಬಂದರು. ವಸಡು ಒತ್ತಿ ನೋಡಿದರು. ಮುಂಗಾಲಿಗೆ ಸೂಜಿ ಚುಚ್ಚಿ, ಡ್ರಿಪ್ಪಿನ ಬಾಟಲಿಯನ್ನು ಕಿಟಕಿಯ ಸರಳಿಗೆ ನೇತುಹಾಕಿದರು. ಆಮೇಲೆ, ನಾಯಿ ಕೊನೆಯ ಸಲ ನೀರು ಕುಡಿದದ್ದು ಯಾವಾಗ ಎಂದು ಕೇಳಿದರು.

“ಬೆಳಗ್ಗೆ ಏಳಕ್ಕೆ ಹಾಕಿದ್ದೆ. ನಿನ್ನೆನೂ ಏಳಕ್ಕೇ ಹಾಕಿದ್ದೆ.”

“ನೀನು ಹಾಕಿದ್ದಲ್ಲ ಪುಟ್ಟ. ಅವನು ಕುಡಿದಿದ್ದು.”

ಅವಳಿಗೆ ಗೊತ್ತಿರಲಿಲ್ಲ. ಬೆಳಗ್ಗೆ ಬೋಗುಣಿ ನಿನ್ನೆ ತುಂಬಿಸಿಟ್ಟ ಹಾಗೇ ಇತ್ತು. ಹಳೆಯ ನೀರನ್ನು ಅವನ ಎದುರಿಗೇ ಮಣ್ಣಿಗೆ ಚೆಲ್ಲಿ, ತೊಳೆದು, ಹೊಸದನ್ನು ಹಾಕಿದ್ದಳು. ಅವನು ಕುಂಯ್‌ಗುಟ್ಟಿದ್ದ. ಆಟಕ್ಕೆ ಕರೆಯುತ್ತಿದ್ದಾನೆ ಅಂದುಕೊಂಡು, ಸಂಜೆ ಬರುತ್ತೇನೆಂದು ಹೇಳಿ ಓಡಿದ್ದಳು. ನಿನ್ನೆ ರಾತ್ರಿ ನಾನು ಇಟ್ಟ ಊಟವನ್ನೂ ಅವನು ಮುಟ್ಟಿರಲಿಲ್ಲ, ಅಜ್ಜಿಯ ನೆನಪಾಗಿರಬೇಕು ಎಂದು ಸುಮ್ಮನಾದೆ ಎಂದಳು ಅಮ್ಮ.

ಡ್ರಿಪ್ಪು ಮುಗಿದು ಸೂಜಿ ತೆಗೆದ ಮೇಲೆ, ವಯಸ್ಸಾದ ನಾಯಿ, ಇವತ್ತಿನ ರಾತ್ರಿ ಕಳೆಯಲಿ, ಆಮೇಲೆ ಹೇಳುತ್ತೇನೆ ಎಂದರು ಡಾಕ್ಟರು.

ಸಂಜೆ ಅಜ್ಜಿಯ ಫೋನ್ ಬಂತು. ಅಮ್ಮ ಮಗಳ ಮುಖ ನೋಡಿ, ಫೋನಿಗೆ ಕೈ ಅಡ್ಡ ಹಿಡಿದಳು.

“ಬಿಸಿಲಿಗೆ ಸುಸ್ತಾಗಿದ್ದಾನೆ ಅಂತೀನಿ ಬಿಡು. ಸುಳ್ಳೇನಲ್ವಲ್ಲ.”

ಸುಳ್ಳಲ್ಲ. ದಿನಾ ನೀರು ಹಾಕಿದೆ ಎಂಬುದೂ ಸುಳ್ಳಲ್ಲ. ಆದರೂ ವಕೀಲಮ್ಮ ಫೋನಿಗಾಗಿ ಕೈ ಚಾಚಿದಳು.

ಎಲ್ಲವನ್ನೂ ಹೇಳಿದಳು. ಐದು ಸುತ್ತಿನ ಸರಪಳಿ, ಎಂಟು ಹೆಜ್ಜೆ ದೂರದ ನೀರು, ಅವನ ಎದುರಿಗೇ ಚೆಲ್ಲಿದ್ದು, ಅವನು ಕುಂಯ್‌ಗುಟ್ಟಿದ್ದು. ಆ ಕಡೆ ಎಲ್ಲೋ ಹಿಂದೆ ಎಳೆ ಕೂಸು ಅಳುವುದು ಕೇಳಿಸುತ್ತಿತ್ತು.

“ಮೆಷಿನ್ ತುಳೀತಾ ಕೂತಿದ್ರೂ ನನ್ನ ಕಿವಿ ಆ ಸರಪಳಿ ಮೇಲೇ ಇರ್ತಿತ್ತು ಕಣೇ,” ಎಂದರು ಅಜ್ಜಿ. “ಸದ್ದು ನಿಂತ್ರೆ ಎದ್ದು ಹೋಗಿ ಬಿಡಿಸಿ ಬರ್ತಿದ್ದೆ. ದಿನಕ್ಕೆ ಎಷ್ಟು ಸಲವೋ. ಅದೂ ಒಂದು ಕೆಲಸ ಅಂತ ನನಗೇ ಹೊಳೀಲಿಲ್ಲ. ನಿನಗೆ ಹೇಳ್ಲೇ ಇಲ್ಲ ನಾನು.”

ಹೇಳಿರಲಿಲ್ಲ, ಹೌದು. ವಾದಕ್ಕೆ ಅಂಥ ಒಳ್ಳೆಯ ಪಾಯಿಂಟ್ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಕಣ್ಣೊರೆಸಿಕೊಂಡು, ರಾತ್ರಿ ಅವನ ಪಕ್ಕದಲ್ಲೇ ಮಲಗುತ್ತೇನೆ ಅಜ್ಜಿ ಎಂದಳು.

ಕೆಲಸ ಮುಗಿಸಿ ಪೋಸ್ಟ್‌ಮ್ಯಾನ್ ಮಾಮ ಮತ್ತೆ ಬಂದು, ಗೇಟನ್ನು ತಂತಿಯಿಂದ ಬಿಗಿಯಾಗಿ ಕಟ್ಟಿ ಹೋದರು. ಇನ್ನು ಸರಪಳಿಯ ಗೊಡವೆ ಬೇಡ ಎಂದರು. ವಕೀಲಮ್ಮ ಬೋಗುಣಿಯನ್ನು ಜಗಲಿಯ ಮೂಲೆಗೆ ತಂದಿಟ್ಟಳು. ಅಮ್ಮ ಅಲ್ಲೇ ಚಾಪೆ ಹಾಸಿ, ಮಗಳ ಪಕ್ಕದಲ್ಲೇ ತಾನೂ ಮಲಗಿದಳು.

ಬೆಳಗ್ಗೆ ಕಣ್ಣು ಬಿಟ್ಟಾಗ ಚಾಪೆಯ ಪಕ್ಕ ನಾಯಿ ಇರಲಿಲ್ಲ. ವಕೀಲಮ್ಮ ದಡಬಡಿಸಿ ಎದ್ದಳು.

ಅವನು ಜಗಲಿಯ ಮೂಲೆಯಲ್ಲಿದ್ದ. ನಾಲ್ಕೂ ಕಾಲು ನಡುಗುತ್ತಿದ್ದರೂ ತಾನಾಗಿಯೇ ಎದ್ದು ಬೋಗುಣಿಯ ಮುಂದೆ ನಿಂತಿದ್ದ. ಒಂದು ಸಲ ಮೂಸಿದ. ಆಮೇಲೆ ನಾಲಿಗೆ ಇಳಿಸಿದ.

ಅವಳು ಸದ್ದಿಲ್ಲದೆ ಪಕ್ಕದಲ್ಲಿ ಹೋಗಿ ಕುಳಿತಳು. ಅವನು ಸ್ವಲ್ಪ ಕುಡಿದು ನಿಲ್ಲಿಸಿದ, ಉಸಿರು ತೆಗೆದುಕೊಂಡ, ಮತ್ತೆ ಕುಡಿದ. ಗಂಟಲು ಏರುತ್ತಿತ್ತು, ಇಳಿಯುತ್ತಿತ್ತು. ಸ್ಕೂಲಿಗೆ ಹೊತ್ತಾಯಿತೆಂದು ಅಮ್ಮ ಒಳಗಿನಿಂದ ಎರಡು ಸಲ ಕೂಗಿದಳು. ಅವಳು ಕದಲಲಿಲ್ಲ.

ನಾಯಿ ನೀರು ಕುಡಿಯುವುದನ್ನು ಅವಳು ಮೊದಲಿಂದ ಕೊನೆಯವರೆಗೆ ನೋಡಿದ್ದು ಅದೇ ಮೊದಲು. ಅದಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.